ಮೊದಲ ಉರಿ

ಸ್ಟೌ ಮಾಮನಿಗೆ ಬೆಂಕಿ ಕಂಡರೆ ಭಯ ಎಂದು ಯಾರಾದರೂ ಹೇಳಿದ್ದರೆ ಆ ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಡೀ ಬೀದಿಯ ಒಲೆಗಳ ಹೊಟ್ಟೆ ಬಗೆದು ನೋಡಿದ ಮನುಷ್ಯ ಅವನು. ಹಾಲು ಉಕ್ಕಿ ಕಟ್ಟಿಕೊಂಡ ಬರ್ನರು, ಇಲಿ ಕಡಿದ ಪೈಪು, ತಿರುಗಿಸಿದರೆ ಕಿತ್ತೇ ಬರುವ ಗುಂಡಿ, ಎಲ್ಲವೂ ಅವನ ಅಂಗಡಿಯ ಮೇಜಿನ ಮೇಲೆ ಬಂದು ಮಲಗಿ, ಗುಣವಾಗಿ ಮನೆಗೆ ಹೋಗಿವೆ. ಹಾಗಿದ್ದವನಿಗೆ ಈ ವರ್ಷ ಒಂದು ಬೆಂಕಿಕಡ್ಡಿ ಗೀರುವುದಕ್ಕೂ ಕೈ ನಡುಗುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಅವನು ಪಟ್ಟ ಪಾಡು ದೇವರಿಗೇ ಪ್ರೀತಿ.

ಅವರ ಮನೆಯಲ್ಲಿ ವರ್ಷದ ಕೊನೆಯ ರಜೆಯ ಮೊದಲ ದಿನಕ್ಕೆ 'ಒಲೆಯ ದಿನ' ಎಂದು ಹೆಸರು. ಶುರು ಮಾಡಿದ್ದು ಅವನ ಅಪ್ಪ. ಎಷ್ಟೋ ವರ್ಷದ ಹಿಂದೆ ಇಂಥದೇ ರಜೆಯಲ್ಲಿ ಅಪ್ಪ ಅಂಗಡಿಗೆ ಬೀಗ ಹಾಕಿ ನೆಂಟರ ಮದುವೆಗೆ ಹೋಗಿದ್ದ. ಪಕ್ಕದ ಓಣಿಯಲ್ಲಿ ಒಬ್ಬಂಟಿಯಾಗಿದ್ದ ಹೆಂಗಸೊಬ್ಬಳು, ಒಲೆ ಯಾಕೋ ಸರಿಯಿಲ್ಲ ಎಂದು ಬಂದು, ಬೀಗ ನೋಡಿ, ವಾಪಸು ಹೋಗಿ ತಾನೇ ಹಚ್ಚಿದಳು. ಎರಡೂ ಕೈ ಸುಟ್ಟುಹೋದವು. ಮದುವೆ ಊಟ ಮುಗಿಸಿ ಬಂದ ಅಪ್ಪ ಆ ಕೈಗಳನ್ನು ನೋಡಿ ಬಂದವನೇ ಬಹಳ ದಿನ ಸರಿಯಾಗಿ ಉಣ್ಣಲಿಲ್ಲ. ಮುಂದಿನ ವರ್ಷದಿಂದ ರಜೆಯ ಮೊದಲ ದಿನ ಬೀದಿಯಲ್ಲಿ ಒಂಟಿಯಾಗಿ ಬದುಕುವವರ ಮನೆಗೆಲ್ಲ ಹೋಗಿ ಒಲೆ ನೋಡಿ, ಒರೆಸಿ, ಬೇಕಿದ್ದರೆ ಪೈಪು ಬದಲಿಸಿ ಬರುವುದು. ಕಾಸು ಕೇಳುವಂತಿಲ್ಲ, ಕೊಟ್ಟರೂ ಮುಟ್ಟುವಂತಿಲ್ಲ. ಅಪ್ಪ ಹೋದ ಮೇಲೆ ಮಗ, ಮಗನ ಹಿಂದೆ ಸೊಸೆ.

ಅಪ್ಪ ಎರಡು ಪದ್ಧತಿ ಬಿಟ್ಟುಹೋಗಿದ್ದ. ಒಂದು, ಮೂಸುವುದು. ಕಣ್ಣು ಮುಚ್ಚಿ, ಸಿಲಿಂಡರಿನ ಬಾಯಿಂದ ಹಿಡಿದು ಪೈಪಿನುದ್ದಕ್ಕೂ ಒಲೆಯ ತನಕ ಮೂಗು ಹರಿಸಿಕೊಂಡು ಹೋಗಿ, ಕೊನೆಗೆ "ಶುದ್ಧ!" ಎಂದು ಕೂಗುವುದು. ಮುದುಕ ಮುದುಕಿಯರಿಗೆ ಇದೊಂದು ನಾಟಕ ನೋಡಿದ ಖುಷಿ. ಇನ್ನೊಂದು, ಮೊದಲ ಉರಿ. "ನಾವು ಕೈ ಹಾಕಿದ ಒಲೆ ಮೊದಲು ನಮ್ಮ ಮುಖದ ಮುಂದೆ ಉರೀಬೇಕು ಕಣೋ. ಏನಾದ್ರೂ ಆದ್ರೆ ನಮಗೇ ಆಗಲಿ" ಎನ್ನುತ್ತಿದ್ದ. ಹಚ್ಚುವ ಮುಂಚೆ ಮನೆಯವರನ್ನು ಹೊರಗೆ ಕಳಿಸುತ್ತಿದ್ದ. ಯಾವುದಾದರೂ ಕಾರಣಕ್ಕೆ ಹಚ್ಚುವುದು ತಡವಾದರೆ, ತಮ್ಮವರು ಯಾರಾದರೂ ಬಂದು ಹಚ್ಚುವವರೆಗೂ ಮನೆಯಲ್ಲಿ ಒಂದು ಕಡ್ಡಿಯನ್ನೂ ಗೀರಬೇಡಿ ಎಂದು ಗದರಿಸಿ ಹೋಗುತ್ತಿದ್ದ. ಹಾಗಾಗಿ ಒಲೆಯ ದಿನ ಆ ಮನೆಗಳಲ್ಲಿ ಮೊದಲು ಕಡ್ಡಿ ಗೀರುತ್ತಿದ್ದುದು ಅಪ್ಪನೇ.

ಈ ವರ್ಷ ಸ್ಟೌ ಮಾಮನಿಗೆ ಒಂದು ಜ್ವರ ಬಂತು. ವಾರ ಮಲಗಿಸಿ ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಮೊದಲು ಅವನು ಇದು ನೆಗಡಿ ಎಂದುಕೊಂಡ. ಆಮೇಲೆ ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದ, ಸೀಮೆಎಣ್ಣೆಯ ಬಟ್ಟೆ ಹಿಡಿದ, ಸಾಬೂನಿನ ತುಂಡು ಹಿಡಿದ. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಎಂಬುದು ಒಂದು ಎಳೆಯೂ ಬರಲಿಲ್ಲ. ಅಂದು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಒಳಗೆ ಸ್ಟೂಲಿನ ಮೇಲೆ ಹೆದರಿ ಕೂತ.

ಹೇಳಬಹುದಿತ್ತಲ್ಲ ಮಾರಾಯ! ಹೆಂಡತಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಸ್ಟೌ ರಿಪೇರಿಯವನಿಗೆ ಮೂಗಿಲ್ಲ ಎಂದು ಸುದ್ದಿಯಾದರೆ ಅಂಗಡಿಗೆ ಯಾರು ಬರುತ್ತಾರೆ? ಅಂಗಡಿಯೊಳಗೆ ಹೇಗೋ ಸೋಪಿನ ನೀರು ಸವರಿ, ಗುಳ್ಳೆ ಬರುತ್ತದೋ ನೋಡಿ ಕೆಲಸ ಸಾಗಿಸಿದ. ಯಾಕೆ ಎಂದು ಕೇಳಿದವರಿಗೆ "ಈಗ ಹೊಸ ರೂಲು" ಎಂದು ಬಾಯಿ ಮುಚ್ಚಿಸಿದ. ಆದರೆ ಒಲೆಯ ದಿನ ಹತ್ತಿರ ಬಂದಂತೆ ನಿದ್ದೆ ಹಾರಿತು. ಅಲ್ಲಿ ಸೋಪು ಸವರಿದರೆ ಗುಟ್ಟು ರಟ್ಟಾಗುತ್ತದೆ, ಅಪ್ಪನ ಹಾಗೆ ಎಲ್ಲರ ಕಣ್ಣೆದುರು ಮೂಸಲೇಬೇಕು. ಮೂಸಿದ ಮೇಲೆ ಹಚ್ಚಬೇಕು. ಗ್ಯಾಸು ಮುಖದ ಸುತ್ತ ಕೂತಿದ್ದರೂ ತಿಳಿಯದ ಮೂಗು ಇಟ್ಟುಕೊಂಡು ಕಡ್ಡಿ ಗೀರುವುದೆಂದರೆ ಏನು ಎಂದು ಅವನಿಗೆ ಮಾತ್ರ ಗೊತ್ತಿತ್ತು. ಅಪ್ಪ ನೋಡಿಬಂದ ಆ ಎರಡು ಕೈಗಳು ಅವನ ಕನಸಿನಲ್ಲಿ ಬರತೊಡಗಿದವು.

ಆ ದಿನ ಬಂದೇಬಿಟ್ಟಿತು. ಚಳಿ ಜೋರಾಗಿತ್ತು, ಎಲ್ಲರ ಕಿಟಕಿಯೂ ಮುಚ್ಚಿತ್ತು. ಅವನು ಉಪಕರಣದ ಚೀಲ ಹೊತ್ತು ಮುಂದೆ, ಹೆಂಡತಿ ಸೋಪಿನ ನೀರಿನ ಬೋಗುಣಿ, ಒರೆಸುವ ಬಟ್ಟೆ ಹಿಡಿದು ಹಿಂದೆ. ಮೊದಲನೆಯದು ಬಸ್ಸು ಓಡಿಸಿ ನಿವೃತ್ತನಾದ ಡ್ರೈವರಣ್ಣನ ಮನೆ. ಸ್ಟೌ ಮಾಮ ಕ್ಲಿಪ್ಪು ಬಿಗಿದ, ಬರ್ನರು ತೊಳೆದ, ಕಣ್ಣು ಮುಚ್ಚಿ ನಾಟಕ ಆಡಿದ. "ಶುದ್ಧ!" ಎಂದ. ಡ್ರೈವರಣ್ಣ ಚಪ್ಪಾಳೆ ತಟ್ಟಿ ಲೈಟರು ಚಾಚಿದ. ಸ್ಟೌ ಮಾಮ ಅದನ್ನು ಮುಟ್ಟಲಿಲ್ಲ.

"ನೀವೇ ಹಚ್ಕೊಳ್ಳಿ ಅಣ್ಣ, ಇನ್ನೂ ಬಹಳ ಮನೆ ಇದೆ" ಎಂದವನೇ ಚೀಲ ಎತ್ತಿಕೊಂಡು ಹೊರಗೆ ನಡೆದ.

ಹೊರಗೆ ನಿಂತು ಕಿವಿಗೊಟ್ಟ. ಯಾವ ಸದ್ದೂ ಇಲ್ಲ. ಬದುಕಿದೆ ಎಂದುಕೊಂಡ. ತನ್ನ ಭಯವನ್ನು ಒಬ್ಬ ಮುದುಕನ ಕೈಗೆ ದಾಟಿಸಿ ಬಂದೆ ಎಂದು ಮನಸ್ಸು ಚುಚ್ಚಿತು, ಆದರೂ ಕಾಲು ಮುಂದಿನ ಮನೆಗೆ ನಡೆಯಿತು. ಎಲ್ಲ ಮನೆಯಲ್ಲೂ ಇದೇ ಕಥೆ. ಒಂದು ಕಡೆ ಲೈಟರು ತಂದಿಲ್ಲ ಎಂದ, ಇನ್ನೊಂದು ಕಡೆ ಕೈಗೆ ಎಣ್ಣೆ ಮೆತ್ತಿದೆ ಎಂದ. ಹೆಂಡತಿ ಮಾತ್ರ ಪ್ರತಿ ಮನೆಯಿಂದಲೂ ತಡವಾಗಿ ಹೊರಬರುತ್ತಿದ್ದಳು.

"ಒಂದು ಒಲೆ ಒರೆಸೋಕೆ ಇಷ್ಟು ಹೊತ್ತಾ? ಅದಕ್ಕೇನು ಸ್ನಾನ ಮಾಡಿಸ್ತಿದ್ದೀಯಾ?" ಎಂದು ರೇಗಿದ.

"ನಿಮ್ಮ ಕೆಲಸ ನೀವು ನೋಡಿ, ನನ್ನ ಕೆಲಸ ನಾನು ನೋಡ್ತೀನಿ" ಎಂದಳು ಅವಳು.

ಕೊನೆಯದು ಟಿಕೆಟ್ ಅಜ್ಜಿಯ ಮನೆ. ಅಜ್ಜಿ ಜೀವಮಾನವಿಡೀ ಸಿನಿಮಾ ಥಿಯೇಟರಿನ ಕಿಂಡಿಯಲ್ಲಿ ಕೂತು ಟಿಕೆಟು ಹರಿದು ಕೊಟ್ಟವಳು. ಕಿವಿ ಮಂದ, ನಾಲಿಗೆ ಚುರುಕು. ಕಿಂಡಿಯಲ್ಲಿ ಕೂತವರಿಗೆ ಎದುರಿನವರ ಮಾತು ಕೇಳಿಸಬೇಕಾದ ಅಗತ್ಯವಿಲ್ಲ, ಬೈದರೆ ಸಾಕು ಎಂಬ ಧೋರಣೆ. ಹೋದ ವರ್ಷ ಸ್ಟೌ ಮಾಮನ ಹೆಂಡತಿ ಒರೆಸಿದ್ದನ್ನು ನೋಡಿ, "ಒರೆಸೋ ಬಟ್ಟೆಗಿಂತ ನನ್ನ ಒಲೆಯೇ ಚೊಕ್ಕ ಇತ್ತು ಕಣೇ" ಎಂದುಬಿಟ್ಟಿದ್ದಳು. ಆ ಮಾತನ್ನು ಹೆಂಡತಿ ಒಂದು ವರ್ಷ ಬೆಚ್ಚಗೆ ಇಟ್ಟುಕೊಂಡಿದ್ದಳು. ಗೇಟಿನ ಹತ್ತಿರವೇ ಬೋಗುಣಿ ಹಿಡಿದು ನಿಂತಳು. "ನಾನು ಒಳಗೆ ಬರಲ್ಲ. ಆ ಮಹಾರಾಣಿ ಒಲೆ ಅವರೇ ಒರೆಸ್ಕೊಳ್ಳಲಿ" ಎಂದಳು. ಅವನೊಬ್ಬನೇ ಹೋದ.

ಪೈಪು ಸೀಳು ಬಿಟ್ಟಿತ್ತು. ಹೊಸದು ಹಾಕಿದ. ಸಿಲಿಂಡರು ತೆರೆದ, ಮೂಸಿದ, "ಶುದ್ಧ!" ಎಂದ. ಅಜ್ಜಿಗೆ ನೆಗಡಿ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಬೆಂಕಿಪೊಟ್ಟಣ ಮುಂದೆ ಹಿಡಿದಳು.

"ಹಚ್ಚು ಮತ್ತೆ. ನಾನು ಹೊರಗೆ ನಿಲ್ತೀನಿ. ಹಚ್ಚಿ ಕೊಟ್ರೆ ಒಂದು ಲೋಟ ಟೀ ಕುಡೀತೀನಿ, ಬೆಳಗ್ಗೆಯಿಂದ ನಿನಗೇ ಕಾಯ್ತಿದ್ದೀನಿ."

ಆ ಪೊಟ್ಟಣವನ್ನು ನೋಡಿದ ಕೂಡಲೇ ಸುಳ್ಳೊಂದು ತಾನಾಗಿ ಹೊರಬಂತು.

"ಅಜ್ಜಿ, ಡ್ರೈವರಣ್ಣನ ಮನೇಲಿ ಸ್ಪ್ಯಾನರ್ ಬಿಟ್ಟುಬಂದಿದ್ದೀನಿ. ಈಗ ಬಂದೆ, ಬಂದು ಹಚ್ತೀನಿ."

ಹೊರಟವನು ಹಿಂತಿರುಗಲಿಲ್ಲ. ಕಾದು ಕಾದು ತಾನೇ ಹಚ್ಚಿಕೊಂಡಾಳು ಬಿಡು ಎಂದುಕೊಂಡ.

ಮನೆಗೆ ಬಂದು ಉಂಡ. ಚಾಪೆಯ ಮೇಲೆ ಹೊರಳಿದ. ಎದೆಯ ಮೇಲಿನ ಭಾರ ಇಳಿದಂತಾಗಿ ಗಾಢವಾಗಿ ನಿದ್ದೆ ಹೋದ. ಎದ್ದಾಗ ಹೊತ್ತು ಇಳಿಯುತ್ತಿತ್ತು. ಹೆಂಡತಿ ಒರೆಸಿದ ಬಟ್ಟೆಗಳನ್ನು ಒಗೆದು ಹಿಂಡುತ್ತಿದ್ದಳು.

"ಅಂತೂ ಈ ವರ್ಷವೂ ಎಲ್ಲ ಮನೆಯೂ ಶುದ್ಧ" ಎಂದ ಅವನು, ಆಕಳಿಸುತ್ತ.

"ಏನು ಶುದ್ಧ?" ಅವಳು ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. ಬೆಳಗ್ಗೆಯಿಂದ ನುಂಗಿಕೊಂಡಿದ್ದು ಹೊರಬಿತ್ತು. "ಡ್ರೈವರಣ್ಣನ ಮನೇಲಿ ನೀವು ಬಿಗಿದ ಕ್ಲಿಪ್ಪು ಇನ್ನೂ ಸಡಿಲ ಇತ್ತು. ನೊರೆ ಸವರಿದ್ರೆ ಬುಳು ಬುಳು ಗುಳ್ಳೆ. ನಾನು ಬಿಗಿದು, ನಾನೇ ಹಚ್ಚಿಕೊಟ್ಟು ಬಂದೆ. ಎಲ್ಲ ಮನೇಲೂ ನಾನೇ ಹಚ್ಚಿದ್ದು. ಒರೆಸೋಕೆ ಇಷ್ಟು ಹೊತ್ತಾ ಅಂತ ಬೈತಿದ್ರಲ್ಲ, ಅದಕ್ಕೇ ಹೊತ್ತಾಗಿದ್ದು."

"ನಿನಗೆ... ಗೊತ್ತಿತ್ತಾ?"

"ಒಡೆದು ನಾರುತ್ತಿದ್ದ ಹಾಲನ್ನ ಲೋಟಕ್ಕೆ ಬಗ್ಗಿಸ್ಕೊಂಡು ಮೂಗಿನ ಹತ್ರ ತಗೊಂಡ್ರಿ, 'ಚೆನ್ನಾಗಿದೆ' ಅಂತ ಕುಡಿದ್ರಿ. ಅವತ್ತೇ ಗೊತ್ತಾಯ್ತು. ನೀವಾಗೇ ಹೇಳ್ತೀರಾ ಅಂತ ಕಾದೆ. ಕಲ್ಲಿನ ಹಾಗೆ ಕೂತ್ರಿ. ಗಂಡಸರ ಮರ್ಯಾದೆ ಅಂದ್ರೆ ಅಷ್ಟು ದೊಡ್ಡದಾ ರೀ?"

ನಾಚಿಕೆಗೆ ಅವನ ಕಿವಿ ಕಾದವು. ಆದರೆ ಆ ನಾಚಿಕೆ ಪೂರ್ತಿ ಮೇಲೆ ಬರುವ ಮೊದಲೇ ಇನ್ನೊಂದು ವಿಷಯ ಹೊಳೆಯಿತು. ಅವಳಿಗೂ ಅದೇ ಹೊತ್ತಿಗೆ ಹೊಳೆಯಿತು.

"ಸಿಟ್ಟಲ್ಲಿ ಟಿಕೆಟ್ ಅಜ್ಜಿ ಮನೆಗೆ ನಾನು ಹೋಗಲೇ ಇಲ್ಲವಲ್ಲ" ಎಂದಳು. "ಅಲ್ಲಾದ್ರೂ ನೀವು ಹಚ್ಚಿದ್ರಿ ತಾನೇ?"

ಅವನು ತಲೆಯಾಡಿಸಿದ. ಇಲ್ಲ.

"ಸಿಲಿಂಡರ್?"

"ತೆರೆದೇ ಇದೆ. ಹೊಸ ಪೈಪು ಹಾಕಿದೆ. ಕ್ಲಿಪ್ಪು ಬಿಗಿದೆನೋ ಇಲ್ವೋ... ನೆನಪೇ ಆಗ್ತಿಲ್ಲ ಕಣೇ."

ನಿಜವಾಗಿಯೂ ನೆನಪಿರಲಿಲ್ಲ. ಬೆಂಕಿಪೊಟ್ಟಣ ಹಿಡಿದ ಅಜ್ಜಿಯ ಕೈ ಮಾತ್ರ ಕಣ್ಣ ಮುಂದೆ ನಿಂತಿತ್ತು. ಬೀದಿಯಲ್ಲಿ ಎಲ್ಲರಿಗೂ ಗೊತ್ತು, ಬೀದಿದೀಪ ಹತ್ತುವ ಹೊತ್ತಿಗೆ ಅಜ್ಜಿ ಎರಡನೇ ಟೀ ಇಡುತ್ತಾಳೆ. ಕಿಟಕಿಯಾಚೆ ಬೆಳಕು ಮಸುಕಾಗಿತ್ತು.

ಇಬ್ಬರೂ ಓಡಿದರು. ಅವನ ಕಾಲಲ್ಲಿ ಒಂದೇ ಚಪ್ಪಲಿ, ಅವಳ ಕೈಯಲ್ಲಿ ಯಾಕೋ ಏನೋ ಆ ಬೋಗುಣಿ. ಓಡುತ್ತ ಅವನು ಒಂದೊಂದು ತಿರುವಿನಲ್ಲೂ ಕಿವಿ ನಿಮಿರಿಸಿ ಆಲಿಸಿದ. ಈಗ ಕೇಳಿಸುತ್ತದೆ, ಈಗ ಢಮ್ಮೆನ್ನುತ್ತದೆ ಎಂದು ಬೆನ್ನು ಬಿಗಿಹಿಡಿದುಕೊಂಡೇ ಓಡಿದ. ದಾರಿಯಲ್ಲಿ ಯಾರೋ "ಏನ್ ಮಾಮ, ರಜೆ ದಿನವೂ ಓಟವಾ?" ಎಂದು ನಕ್ಕರು. ಅಜ್ಜಿಯ ಗೇಟು ಮುಟ್ಟುವಷ್ಟರಲ್ಲಿ ಬೀದಿದೀಪಗಳು ಒಂದೊಂದಾಗಿ ಕಣ್ಣು ಮಿಟುಕಿಸಿ ಹತ್ತಿಕೊಂಡವು.

ಮನೆ ಇನ್ನೂ ನಿಂತಿತ್ತು. ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಅವನು ಅಡುಗೆಮನೆಯ ಕಿಟಕಿಯ ಸಂದಿಗೆ ಮೂಗು ಒತ್ತಿ ಎಳೆದ. ತಣ್ಣನೆಯ ಗಾಳಿ ಬಂತು, ಅಷ್ಟೆ. ಹೆಂಡತಿ ಪಕ್ಕದಲ್ಲಿ ಬಗ್ಗಿದಳು. ಬಗ್ಗಿದವಳು ತಟ್ಟನೆ ಹಿಂದೆ ಸರಿದು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ತುಂಬಿದೆ ರೀ" ಎಂದಳು.

ಅವಳು ಬಾಗಿಲಿಗೆ ಹೋಗಿ ಕರೆಗಂಟೆಯ ಕಡೆ ಬೆರಳು ಚಾಚಿದಳು. ಅವನು ಜಿಗಿದು ಅವಳ ಮಣಿಕಟ್ಟು ಹಿಡಿದ. "ಬೆಲ್ಲು ಒತ್ತಬೇಡ! ಕಿಡಿ ಹಾರುತ್ತೆ!" ಇಬ್ಬರೂ ಬಾಗಿಲು ಬಡಿದರು. ಅಂಗೈಯಿಂದ, ಮುಷ್ಟಿಯಿಂದ, ಬೋಗುಣಿಯಿಂದ ಬಡಿದರು. ಬಹಳ ಹೊತ್ತಿನ ಮೇಲೆ ಒಳಗೆ ಚಪ್ಪಲಿ ಎಳೆದ ಸದ್ದಾಯಿತು.

"ಬಂದೆ, ಬಂದೆ! ಬಾಗಿಲು ಮುರೀಬೇಡಿ. ತಾಳಿ, ಕತ್ತಲಾಗಿದೆ, ಲೈಟ್ ಹಾಕಿ ಬರ್ತೀನಿ."

"ಲೈಟ್ ಹಾಕಬೇಡಿ ಅಜ್ಜೀ!" ಅವನು ಗಂಟಲು ಹರಿಯುವಂತೆ ಕಿರುಚಿದ.

"ಹಾಂ? ಹಾಕ್ತೀನಿ, ಹಾಕ್ತೀನಿ. ಅವಸರ ಯಾಕೆ?"

ಮೀಟರು ಪೆಟ್ಟಿಗೆ ಹೊರಗೋಡೆಯ ಮೇಲೆ, ಮೆಟ್ಟಿಲಿನ ಪಕ್ಕದಲ್ಲಿತ್ತು. ಅವನು ಹೇಗೆ ಹಾರಿದನೋ, ಮುಚ್ಚಳ ಹೇಗೆ ಕಿತ್ತನೋ, ಫ್ಯೂಸನ್ನು ಹಿಡಿದು ಎಳೆದೇಬಿಟ್ಟ. ಒಳಗೆ ಸ್ವಿಚ್ಚು ಟಕ್ಕೆಂದಿತು. ಮತ್ತೆ ಟಕ್ಕೆಂದಿತು. ಬೆಳಕು ಬರಲಿಲ್ಲ.

"ಹಾಳಾದ ಕರೆಂಟು! ಈಗಲೇ ಹೋಗಬೇಕಿತ್ತಾ?" ಅಜ್ಜಿ ಗೊಣಗಿದಳು. ಚಪ್ಪಲಿಯ ಸದ್ದು ದೂರ ಹೋಯಿತು. ಏನೋ ತಡಕಾಡಿದ ಸದ್ದು. ಆಮೇಲೆ ಬೆಂಕಿಪೊಟ್ಟಣ ಅಲುಗಿದ ಸದ್ದು, ಬಾಗಿಲಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ಒಳಗೆ ಕಡ್ಡಿಗಳು ಗಲಗಲ ಎಂದವು.

ಸ್ಟೌ ಮಾಮ ಫ್ಯೂಸು ಹಿಡಿದುಕೊಂಡೇ ಬಾಗಿಲಿಗೆ ಓಡಿದ. ತಾನೇ, ತನ್ನ ಕೈಯಾರೆ, ಅಜ್ಜಿಯ ಕೈಗೆ ಪೊಟ್ಟಣ ಕೊಟ್ಟ ಹಾಗಾಗಿತ್ತು. ಹೆಂಡತಿ ಬಾಗಿಲಿಗೆ ಹಣೆ ಒತ್ತಿ "ಗೀರಬೇಡಿ ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ, ಗೀರಬೇಡಿ" ಎಂದು ಅಳುತ್ತಿದ್ದಳು. ಅವನು ಅವಳ ತೋಳು ಹಿಡಿದು ಬಾಗಿಲಿನಿಂದ ಪಕ್ಕಕ್ಕೆ ಎಳೆದುಕೊಂಡು, ಅವಳ ತಲೆಯನ್ನು ಎದೆಗೆ ಒತ್ತಿ, ಕಣ್ಣು ಮುಚ್ಚಿದ.

ಏನೂ ಆಗಲಿಲ್ಲ. ಚಿಲಕ ಸರಿಯಿತು. ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಒಂದು ಕೈಯಲ್ಲಿ ಹಚ್ಚದ ಮೇಣದಬತ್ತಿ, ಇನ್ನೊಂದರಲ್ಲಿ ಪೊಟ್ಟಣ.

"ಬಂದ್ಯಾ? ಎಲ್ಲಿ ಸತ್ತಿದ್ದೆ ಇಷ್ಟು ಹೊತ್ತು?" ಎಂದು ರೇಗಿದಳು. "ಈಗ ಬಂದೆ ಅಂದೋನು ಈಗ ಬರೋದಾ? ಬೆಳಗ್ಗೆಯಿಂದ ಒಂದು ಹನಿ ಬಿಸಿ ನೀರು ಹೊಟ್ಟೆಗಿಲ್ಲ, ತಲೆ ಸಿಡೀತಿದೆ. ಕತ್ತಲಲ್ಲಿ ತಡಕಾಡ್ಕೊಂಡು ಬಂದೆ. ಒಂದು ಕಡ್ಡಿ ಗೀರೋಣ ಅಂದ್ರೆ ಹಾಗೂ ಇಲ್ಲ. ನಿಮ್ಮಪ್ಪ ಏನು ಹೇಳಿದ್ದ? ನಮ್ಮವರು ಬಂದು ಹಚ್ಚೋವರೆಗೂ ಮನೇಲಿ ಕಡ್ಡಿ ಗೀರಬೇಡಿ ಅಂತ. ಲೈಟಿನ ವಿಷಯ ಅವನೇನೂ ಹೇಳಿರಲಿಲ್ಲಪ್ಪ, ಅದಕ್ಕೇ ಲೈಟ್ ಹಾಕೋಕೆ ಹೋದೆ."

ಅವನು ಅಜ್ಜಿಯನ್ನು ಹೆಂಡತಿಯ ಕೈಗೆ ಒಪ್ಪಿಸಿ, ಉಸಿರು ಬಿಗಿಹಿಡಿದು ಕತ್ತಲೆಯಲ್ಲಿ ಒಳಗೆ ನುಗ್ಗಿದ. ಸಿಲಿಂಡರು ಮುಚ್ಚಿದ. ಹಿತ್ತಲ ಬಾಗಿಲು, ಕಿಟಕಿ, ಕೈಗೆ ಸಿಕ್ಕಿದ್ದನ್ನೆಲ್ಲ ತೆರೆದ. ಹೊರಗೆ ಬಂದು ಅಂಗಳದಲ್ಲಿ ಕಕ್ಕಿದ.

ಮೂವರೂ ಚಳಿಯಲ್ಲಿ ನಿಂತರು. ಅಜ್ಜಿಗೆ ಹೆಂಡತಿ ತನ್ನ ಶಾಲು ಹೊದಿಸಿದಳು. ಅಜ್ಜಿ ಬೇಡ ಎನ್ನಲಿಲ್ಲ, ಬಟ್ಟೆ ಚೊಕ್ಕ ಇದೆಯೋ ಇಲ್ಲವೋ ಎಂದೂ ನೋಡಲಿಲ್ಲ. ಅವನು ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, ಜೋರಾಗಿ, ಪಕ್ಕದ ಮನೆಯವರಿಗೂ ಕೇಳಿಸುವಂತೆ ಹೇಳಬೇಕಾಯಿತು.

"ಅಜ್ಜಿ, ನನಗೆ ವಾಸನೆ ಬರಲ್ಲ. ಜ್ವರ ಬಂದಾಗಿಂದ ಬರಲ್ಲ. ಬೆಳಗ್ಗೆ ಸುಳ್ಳೇ ಮೂಸಿದೆ. ಹಚ್ಚೋಕೆ ಹೆದರಿಕೆಯಾಗಿ ಓಡಿಹೋದೆ. ಮನೆಯೆಲ್ಲ ಗ್ಯಾಸು ತುಂಬಿತ್ತು."

ಅಜ್ಜಿ ಅವನನ್ನೇ ನೋಡಿದಳು. ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದಳು. ಆಗಷ್ಟೇ ಅವಳಿಗೆ ಪೂರ್ತಿ ಅರ್ಥವಾಯಿತು. ಪೊಟ್ಟಣ ಹಿಡಿದ ಕೈ ನಡುಗತೊಡಗಿತು, ನಿಲ್ಲಲೇ ಇಲ್ಲ. ಹೆಂಡತಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಗಾಳಿಯಾಡಿ, ಹೆಂಡತಿ ಮೂಲೆಮೂಲೆಗೂ ಹೋಗಿ ಮೂಸಿ ಬಂದು, ಈಗಿಲ್ಲ ಎಂದ ಮೇಲೆ ಒಳಗೆ ಹೋದರು. ಬೀದಿದೀಪದ ಬೆಳಕು ಕಿಟಕಿಯಿಂದ ಒಲೆಯ ಮೇಲೆ ಬಿದ್ದಿತ್ತು. ಕ್ಲಿಪ್ಪು ಪೈಪಿನ ಮೇಲೆ ಸುಮ್ಮನೆ ಕೂತಿತ್ತು, ತಿರುಪನ್ನು ಅವನು ಮುಟ್ಟಿಯೇ ಇರಲಿಲ್ಲ. ಬಿಗಿದ. ಬೋಗುಣಿಯ ತಳದಲ್ಲಿ ಉಳಿದಿದ್ದ ಸೋಪಿನ ನೀರನ್ನು ಸವರಿ, ಸಿಲಿಂಡರು ತೆರೆದು, ಕಣ್ಣು ಅಂಟಿಸಿ ನೋಡಿದ. ಗುಳ್ಳೆಯಿಲ್ಲ. ಹೆಂಡತಿ ಮೂಸಿ "ಶುದ್ಧ" ಎಂದಳು, ಮೆಲ್ಲಗೆ.

"ನೀವಿಬ್ಬರೂ ಹೊರಗೆ ಹೋಗಿ" ಎಂದ ಅವನು.

ಅಜ್ಜಿ ಹೊರಟಳು. ಹೆಂಡತಿ ಕದಲಲಿಲ್ಲ.

"ಹೋಗು ಅಂದೆನಲ್ಲ."

"ಬೆಳಗ್ಗೆಯಿಂದ ಎಲ್ಲ ಮನೇಲೂ ಒಬ್ಬಳೇ ಹಚ್ಚಿದ್ದೀನಿ. ನನಗೂ ಹೆದರಿಕೆ ಆಗ್ತಿತ್ತು. ನಿಮಗಾದ್ರೂ ಜೊತೆಗೆ ಒಬ್ಬರು ಇರಲಿ, ನಿಂತಿರ್ತೀನಿ."

ಅವನು ಮತ್ತೆ ಒತ್ತಾಯಿಸಲಿಲ್ಲ. ಪೊಟ್ಟಣ ತೆರೆದ. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಕೈಯಿಂದ ಜಾರಿತು. ಹಣೆಯ ಬೆವರು ಒಲೆಯ ಮೇಲೆ ತೊಟ್ಟಿಕ್ಕಿತು. ಓಡಿಹೋಗು ಎಂದು ಮೈಯೆಲ್ಲ ಕೂಗುತ್ತಿತ್ತು. ಹಿಂದೆ ಹೆಂಡತಿಯ ಉಸಿರು ಕೇಳಿಸುತ್ತಿತ್ತು, ಬಾಗಿಲಾಚೆ ಅಜ್ಜಿಯ ಕೆಮ್ಮು. ಮೂರನೆಯ ಕಡ್ಡಿ ಹತ್ತಿತು. ಅಪ್ಪನ ಹಾಗೆ ಮುಖವನ್ನು ಬರ್ನರಿನ ಮೇಲಕ್ಕೆ ತಂದು, ಗುಂಡಿ ತಿರುಗಿಸಿದ.

ಭುಸ್ಸೆಂದು ನೀಲಿ ಉರಿ ಸುತ್ತಲೂ ಎದ್ದು ನಿಂತಿತು. ಅಷ್ಟೆ. ಅವನು ಮುಖ ಸರಿಸಲಿಲ್ಲ. ಆ ಶಾಖಕ್ಕೆ ಕೆನ್ನೆ ಬಿಸಿಯಾಗುತ್ತಿದ್ದಂತೆ ಒಳಗಿನದೆಲ್ಲ ಕಿತ್ತುಕೊಂಡು ಬಂದು, ಒಲೆಯ ಅಂಚನ್ನು ಹಿಡಿದು ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಿ ಒಳಗೆ ಬಂದಳು. ಕೈಯಲ್ಲಿ ನೀರು ತುಂಬಿದ ಪಾತ್ರೆ ಇತ್ತು, ಪಾತ್ರೆಯೊಳಗಿನ ನೀರು ಇನ್ನೂ ಅಲುಗುತ್ತಿತ್ತು.

"ನಾಳೆ ಎಲ್ಲರ ಮನೆಗೂ ಹೋಗಿ ನೀನೇ ಹೇಳ್ಬೇಕು, ಮೂಗಿಲ್ಲ ಅಂತ" ಎಂದಳು.

"ಹೇಳ್ತೀನಿ ಅಜ್ಜಿ."

"ಅಳೋದಾದ್ರೆ ಈಚೆ ಬಂದು ಅಳು. ಪಾತ್ರೆ ಇಡಬೇಕು."

ಅವನು ಪಕ್ಕಕ್ಕೆ ಸರಿದು ನಿಂತ. ಅಜ್ಜಿ ಮೂರು ಲೋಟ ತೆಗೆದಿಟ್ಟಳು.